ಕೆಂಚವ್ವನ ಅಂಗಾಲಿನ ಸಾಕ್ಷಿ

ಹೊಳೆದಂಡೆಯ ಆ ಆಶ್ರಮಕ್ಕೆ ಬೇಲಿ ಇರಲಿಲ್ಲ. ಬೇಲಿಯ ಅಗತ್ಯವೂ ಇರಲಿಲ್ಲ ಅನ್ನಿ. ಕುಷ್ಠ ಬಂದವರು ಇರುವ ಜಾಗವೆಂದು ಸುತ್ತಲಿನ ಊರಿನವರೇ ದೂರದಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು.

ಅಲ್ಲಿನ ಗುರು ಜ್ಞಾನಮಿತ್ರ ಅಯ್ಯನವರು. ಎಪ್ಪತ್ತು ದಾಟಿದ ಮನುಷ್ಯ. ಯೇಸುಸ್ವಾಮಿಯ ಹೆಸರು ಹೇಳಿಕೊಂಡು ನಲವತ್ತು ವರ್ಷ ಜನರ ಹುಣ್ಣು ತೊಳೆದವರು. ಉಪದೇಶ ಮಾಡಿ ಎಂದು ಯಾರಾದರೂ ಕೇಳಿದರೆ ಅವರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು.

ಶಿಷ್ಯನ ಹೆಸರು ಸಮಾಧಾನ. ಹೆತ್ತವರು ಏನು ನೆನೆಸಿಕೊಂಡು ಆ ಹೆಸರಿಟ್ಟರೋ, ಅವನಿಗೆ ಮಾತ್ರ ಒಂದು ಗಳಿಗೆಯೂ ಸಮಾಧಾನ ಇರಲಿಲ್ಲ. ಮಾಡಿದ ಕೆಲಸವನ್ನು ಯಾರಾದರೂ ನೋಡಬೇಕು, ನೋಡಿದವರು ತಲೆದೂಗಬೇಕು. ಇಲ್ಲದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಆದರೆ ಸುಳ್ಳು ಹೇಳಬಾರದು, ಅವನ ಕೈಗುಣ ದೊಡ್ಡದು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಹುಣ್ಣಿನ ಮುಂದೆ ಅವನು ಊಟಕ್ಕೆ ಕೂತಷ್ಟು ಸಲೀಸಾಗಿ ಕೂರುತ್ತಿದ್ದ. ಅವಸರದ ಮನುಷ್ಯ, ಗಾಯ ಮುಟ್ಟುವಾಗ ಮಾತ್ರ ಅವಸರ ಮಾಡುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಕೆಂಚವ್ವ ಬಂದಳು. ಅರವತ್ತರ ಹೆಂಗಸು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ನಿಂಬೆಹಣ್ಣು ಕೂರುವಷ್ಟು ಗುಳಿ.

ಅವಳ ರೋಗ ಮಾತ್ರೆಯಿಂದ ಎಂದೋ ಹೋಗಿತ್ತು. ಹೋಗುವಾಗ ಪಾದದ ಅರಿವನ್ನೂ ಹೊತ್ತುಕೊಂಡು ಹೋಗಿತ್ತು. ಮುಳ್ಳು ಚುಚ್ಚಿದರೂ ಗೊತ್ತಾಗದು, ಕೆಂಡ ತುಳಿದರೂ ಗೊತ್ತಾಗದು.

ನೋಡಿದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಗಾಯ ಇನ್ನೊಂದು ಚೂರು ಒಳಗೆ ಹೋದರೆ ಮೂಳೆ. ಮೂಳೆಗೆ ಹತ್ತಿದರೆ ಮೊಣಕಾಲಿನ ಕೆಳಗೆ ತೆಗೀಬೇಕಾಗುತ್ತೆ" ಅಂದರು.

ಕೆಂಚವ್ವ ಅಯ್ಯನವರ ಕಡೆ ತಿರುಗಿದಳು. "ನನ್ ತಂಗಿ ಹೊಳೆ ಆಚಿ ದಂಡ್ಯಾಗ ಅದಾಳ್ರಿ ಅಯ್ಯನೋರೆ. ಸಾಯೋದ್ರಾಗ ಒಂದ್ಸಲ ಅವಳ ಮನಿಗೆ ನನ್ ಕಾಲಮ್ಯಾಲೆ ನಾನು ನಡ್ಕಂಡು ಹೋಗ್ಬೇಕು. ಈ ಕಾಲು ಉಳಿಸ್ಕೊಡ್ರಿ."

"ನೋಡೋಣವ್ವ" ಅಂದರು ಅಯ್ಯನವರು. ಸಮಾಧಾನನಿಗೆ ಕಣ್ಣು ಸನ್ನೆ ಮಾಡಿದರು.

ಅಂದಿನಿಂದ ಏಳು ತಿಂಗಳು. ದಿನಾ ಬೆಳಿಗ್ಗೆ ಸಮಾಧಾನ ಅವಳ ಕಾಲನ್ನು ನೀರಿನಲ್ಲಿ ನೆನೆಸಿದ, ಗಡುಸಾದ ಚರ್ಮವನ್ನು ಹೆರೆದ, ಎಣ್ಣೆ ಹಚ್ಚಿದ, ಬಟ್ಟೆ ಕಟ್ಟಿದ. ತನಗೆ ಜ್ವರ ಬಂದ ದಿನವೂ ಬಿಡಲಿಲ್ಲ. ಆ ಕಾಲು ನೆಲಕ್ಕೆ ಊರಬಾರದೆಂದು ಕೆಂಚವ್ವನಿಗೆ ಕಟ್ಟಪ್ಪಣೆ.

ಈಸ್ಟರ್‌ಗೆ ಮುಂಚೆ ಬರುವ ನಲವತ್ತು ದಿನದ ತಪಸ್ಸಿನ ಕಾಲ. ಮೊದಲ ವಾರದ ಒಂದು ಬೆಳಿಗ್ಗೆ ಗಾಯದ ಬಟ್ಟೆ ಬಿಚ್ಚಿದವನು ಹಾಗೇ ಕೂತುಬಿಟ್ಟ.

"ಯಾಕೋ ತಮ್ಮಾ, ಕೆಟ್ಟೈತಾ?" ಅಂದಳು ಕೆಂಚವ್ವ.

"ಮುಚ್ಚಿದೆ ಕಣವ್ವ."

"ಏನು?"

"ಗಾಯ ಮುಚ್ಚಿದೆ. ತೆಳ್ಳಗೆ ಚರ್ಮ ಬಂದಿದೆ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಬೆರಳು ಮಡಿಚಿಕೊಂಡಿದ್ದ ಕೈ, ಆದರೂ ಪೂರ್ತಿ ತಲೆ ಸವರಿದಳು. ಅವನಿಗೆ ಕಣ್ಣಲ್ಲಿ ನೀರು ಬಂತು. ಬರಬೇಕಾದದ್ದೇ.

ಅಲ್ಲಿಗೆ ನಿಂತಿದ್ದರೆ ಕಥೆಯೂ ನಿಲ್ಲುತ್ತಿತ್ತು. ನಿಲ್ಲಲಿಲ್ಲವಲ್ಲ!

ಆ ಆಶ್ರಮದಲ್ಲಿ ಒಂದು ರೂಢಿ. ಯಾರದ್ದಾದರೂ ದೊಡ್ಡ ಗಾಯ ವಾಸಿಯಾದರೆ, ಒಂದು ಭಾನುವಾರ ಆರಾಧನೆಯ ನಡುವೆ ಒಬ್ಬರು ಎದ್ದು ಸಾಕ್ಷಿ ಹೇಳುವುದು. ಹೇಗಿತ್ತು, ಹೇಗಾಯಿತು, ಅಷ್ಟೇ. ಕೇಳಿದವರು "ಸ್ತೋತ್ರ" ಅನ್ನುವುದು.

ಸಮಾಧಾನ ಚಪ್ಪಲಿ ಕೊಟ್ಟಿಗೆಗೆ ಹೋದ. ಅಲ್ಲಿ ದುರ್ಗಪ್ಪ ಕೂತಿದ್ದ. ಅವನೂ ಒಂದು ಕಾಲಕ್ಕೆ ರೋಗಿಯಾಗಿ ಬಂದವನೇ. ಈಗ ಎಲ್ಲರಿಗೂ ಚಪ್ಪಲಿ ಮಾಡುತ್ತಾನೆ. ಒಳಗೆ ಮೆತ್ತನೆಯ ಕರಿ ರಬ್ಬರು, ಒಂದೂ ಮೊಳೆಯಿಲ್ಲದ ಚಪ್ಪಲಿ.

"ದುರ್ಗಣ್ಣ, ಕೆಂಚವ್ವನ ಸಾಕ್ಷಿ ನಾನು ಹೇಳ್ತೀನಿ."

"ನೀನ್ಯಾಕೆ?"

"ವಾಸಿ ಮಾಡಿದ್ದು ನಾನಲ್ವಾ?"

ದುರ್ಗಪ್ಪ ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟ. "ಓಹೋ! ಮೂರು ಸಲ ಅಳತೆ ತೆಗೆದು, ಮೂರು ಸಲ ಬಿಚ್ಚಿ, ಗಾಯದ ಮೇಲೆ ಭಾರ ಬೀಳದ ಹಾಗೆ ರಬ್ಬರು ಕೆತ್ತಿದ್ದು ಯಾರು, ನಿಮ್ಮಪ್ಪನಾ? ಬಟ್ಟೆ ಕಟ್ಟಿ ಕಟ್ಟಿ ಬಿಚ್ಚೋದನ್ನ ಯಾರು ಬೇಕಾದ್ರೂ ಮಾಡ್ತಾರೆ."

"ಯಾರು ಬೇಕಾದ್ರೂ? ಬಾ, ನಾಳೆ ನೀನೇ ಮಾಡು!"

"ನೀನು ಬಾ, ಒಂದು ಚಪ್ಪಲಿ ಹೊಲಿ ನೋಡೋಣ!"

ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಅಯ್ಯನವರ ಮುಂದೆ ಹೋಗಿ ನಿಂತರು. ಬೆಳೆದ ಗಂಡಸರು, ಮೂರು ವರ್ಷದ ಮಕ್ಕಳ ಹಾಗೆ ಮುಖ ತಿರುಗಿಸಿಕೊಂಡಿದ್ದರು.

ಅಯ್ಯನವರು ತರಕಾರಿ ಮಡಿಯಲ್ಲಿ ಕಳೆ ಕೀಳುತ್ತಿದ್ದರು. ಎಲ್ಲ ಕೇಳಿದರು. ತಲೆಯೆತ್ತಲಿಲ್ಲ.

"ಅಯ್ಯನೋರೆ, ನೀವೇ ಹೇಳಿ. ಆ ಕಾಲು ಯಾರಿಂದ ವಾಸಿಯಾಯ್ತು?" ಅಂದ ಸಮಾಧಾನ.

"ಕೆಂಚವ್ವನ್ನ ಕೇಳಿದಿರಾ?"

"ಇಲ್ಲ."

"ಅವಳ ಕಾಲಲ್ವೇನ್ರಪ್ಪ? ಕೇಳಿ."

ಹೋಗಿ ಕೇಳಿದರು. ಕೆಂಚವ್ವ ಅಕ್ಕಿ ಆರಿಸುತ್ತಿದ್ದಳು. ಕಾಲು ಎಂದಿನಂತೆ ಮಣೆಯ ಮೇಲಿತ್ತು.

"ನೀವೆಲ್ಲ ಮಾಡಿದ್ರಪ್ಪ. ನಾನು ಏನ್ಮಾಡಿದೆ? ಸುಮ್ನೆ ಕೂತೆ" ಅಂದಳು.

ಅದನ್ನೇ ತಂದು ಅಯ್ಯನವರಿಗೆ ಒಪ್ಪಿಸಿದರು.

"ಸುಮ್ನೆ ಕೂತಳಂತಾ?" ಅಯ್ಯನವರು ಕೈಯ ಮಣ್ಣು ಕೊಡವಿಕೊಂಡರು. "ದುರ್ಗಪ್ಪ, ನೀನು ಕೆಲಸಕ್ಕೆ ಹೋಗು. ಸಮಾಧಾನ, ನೀನು ನಾಳೆ ಬೆಳಿಗ್ಗೆ ಎದ್ದಾಗಿಂದ ದೀಪ ಹಚ್ಚೋತನಕ ಬಲಗಾಲು ನೆಲಕ್ಕೆ ಊರಬೇಡ."

"ಅಷ್ಟೇನಾ?"

"ಅಷ್ಟೇ. ಸುಮ್ನೆ ಕೂರೋದು."

ಇದೇನು ಮಹಾ ಎಂದುಕೊಂಡ ಸಮಾಧಾನ.

ಮರುದಿನ ಹಾಸಿಗೆಯಿಂದ ಏಳುವಾಗಲೇ ಬಲಗಾಲು ಊರಿಬಿಟ್ಟ. ಒಂದು. ಬಚ್ಚಲಿಗೆ ಕುಂಟುತ್ತಾ ಹೋಗಿ ಗೋಡೆ ಹಿಡಿದು ನಿಂತಾಗ ಇನ್ನೊಂದು. ನೊಣ ಓಡಿಸಲು ಹೋಗಿ ಮತ್ತೊಂದು. ತಿಂಡಿಯ ಹೊತ್ತಿಗೆ ಎಣಿಸುವುದನ್ನೇ ಬಿಟ್ಟ.

ನೀರು ಬೇಕಾದರೆ ಯಾರನ್ನೋ ಕೂಗಬೇಕು. ಕೂಗಿದವರು ಬರುವುದಕ್ಕೆ ಕಾಯಬೇಕು. ಬಿಸಿಲು ಮೈಮೇಲೆ ಬಂದರೆ ಚಾಪೆ ಎಳೆದುಕೊಡಿ ಎಂದು ಬೇಡಬೇಕು. ಊಟಕ್ಕೆ ಎಲ್ಲರೂ ಎದ್ದು ಹೋದರು, ಇವನ ತಟ್ಟೆ ಕೊನೆಗೆ ಬಂತು. ಸಾರು ಆರಿತ್ತು.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ರೋಸಿಹೋಯಿತು. ಹೊಳೆಯ ಕಡೆ ನೋಡಿದ. ನೂರು ಹೆಜ್ಜೆಯೂ ಇಲ್ಲ. ಎದ್ದು ಹೋಗಿ ಕಾಲು ಇಳಿಬಿಡಬೇಕು ಅನ್ನಿಸಿತು.

ಆಚೆ ಕಟ್ಟೆಯ ಮೇಲೆ ಕೆಂಚವ್ವ ಕೂತಿದ್ದಳು. ಅವಳೂ ಹೊಳೆಯನ್ನೇ ನೋಡುತ್ತಿದ್ದಳು. ಆಚೆ ದಂಡೆಯಲ್ಲಿ ಅವಳ ತಂಗಿಯ ಊರಿನ ಹೆಂಚು ಕಾಣುತ್ತಿತ್ತು.

"ಅವ್ವ, ಏಳು ತಿಂಗಳು ಹೆಂಗೆ ಕೂತೆ ನೀನು?"

"ಎದ್ದು ಓಡೋಣ ಅನ್ನಿಸ್ತಿತ್ತಪ್ಪ. ದಿನಾ ಅನ್ನಿಸ್ತಿತ್ತು. ನೋವಾದ್ರ ನೋವಿಗೆ ಹೆದರಿ ಕೂರಬೋದು. ನಂಗೆ ನೋವೂ ಇಲ್ಲ ನೋಡು. ಬರೇ ನಿಮ್ಮ ಮಾತಿಗೆ ಕೂತೆ."

ಸಮಾಧಾನ ತನ್ನ ಬಲಗಾಲನ್ನು ಮೇಲಕ್ಕೆ ಎಳೆದುಕೊಂಡ. ನಿಜವಾಗಿ ಅವನ ಎದೆ ಕರಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ.

ದೀಪ ಹಚ್ಚಿದಾಗ ಅಯ್ಯನವರು ಬಂದು ಪಕ್ಕದಲ್ಲಿ ಕೂತರು.

"ಏನಪ್ಪಾ, ಯಾರಿಂದ ವಾಸಿಯಾಯ್ತು?"

"ಕೆಂಚವ್ವ ಕೂತಿದ್ದಕ್ಕೆ ಆಯ್ತು ಅಯ್ಯನೋರೆ. ನಾನು ಬಟ್ಟೆ ಕಟ್ಟಿದೆ. ದುರ್ಗಣ್ಣ ಚಪ್ಪಲಿ ಮಾಡಿದ. ಮೂರೂ ಜನ."

"ಮೂರೇ ಜನನಾ?"

"ಅಡಿಗೆಮನೆಯವರು ಮೊಟ್ಟೆ ಕೊಟ್ಟರು, ಗಂಜಿ ಕೊಟ್ಟರು. ಮಾತ್ರೆ ಕೊಟ್ಟ ಡಾಕ್ಟರು. ನೀವು."

"ಆಯ್ತು. ನೀನು ಬಟ್ಟೆ ತಂದೆ, ದುರ್ಗಪ್ಪ ರಬ್ಬರು ತಂದ, ಅಡಿಗೆಮನೆಯವರು ಗಂಜಿ ತಂದರು. ಆ ಗುಳಿ ಮೇಲೆ ಹೊಸ ಚರ್ಮ ಬಂತಲ್ಲ, ಅದನ್ನ ಯಾರು ತಂದ್ರಿ?"

ಸಮಾಧಾನ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

"ನಮ್ಮಲ್ಲಿ ಯಾರ ಹತ್ತಿರಾನೂ ಇರಲಿಲ್ಲ ಅದು. ಇದ್ದಿದ್ರೆ ನನ್ನ ಈ ಬಕ್ಕತಲೆಗೆ ಮೊದಲು ಹಚ್ಚಿಕೊಳ್ತಿದ್ದೆ" ಅಂದರು ಅಯ್ಯನವರು. ಎದ್ದು ಹೋದರು.

ಸಮಾಧಾನನಿಗೆ ಮೈ ಝುಮ್ಮೆಂದಿತು. ಎಂಥ ಮಾತು! ಚರ್ಮ ಯಾರು ತಂದರು! ದೇವರು ಮಾಡಿದ್ದು, ನಾವು ಪಕ್ಕದಲ್ಲಿ ಕೂತಿದ್ದು ಅಷ್ಟೇ.

ಕೂಡಲೇ ನೋಟುಬುಕ್ಕು ತೆಗೆದು ಬರೆದುಕೊಂಡ. ಸಾಕ್ಷಿಯಲ್ಲಿ ಇದನ್ನು ಹೇಳಿದರೆ ಜನ ಬೆರಗಾಗಿ ಕೂರುತ್ತಾರೆ ಎಂದುಕೊಂಡ. ನೋಡಿ ಮನುಷ್ಯನ ಬುದ್ಧಿ! ಔಷಧದ ಶೀಶೆಯನ್ನೇ ಶೋಕೇಸಿನಲ್ಲಿ ಇಟ್ಟ ಹಾಗಾಯಿತು.

ಒಂದು ತಿಂಗಳಿಗೆ ಕೆಂಚವ್ವನ ಚರ್ಮ ಗಟ್ಟಿಯಾಯಿತು. ಚಪ್ಪಲಿ ಹಾಕಿಕೊಂಡು ದಿನಕ್ಕೆ ಹತ್ತು ಹೆಜ್ಜೆ, ಆಮೇಲೆ ಐವತ್ತು ಹೆಜ್ಜೆ ನಡೆದಳು. ಈಸ್ಟರ್ ಕಳೆದ ವಾರ ದೋಣಿಯಲ್ಲಿ ಹೊಳೆ ದಾಟಿಸಿ, ತಂಗಿಯ ಮನೆತನಕ ನಡೆಸುವುದೆಂದು ಅಯ್ಯನವರು ದಿನ ಗೊತ್ತುಮಾಡಿದರು. ಅವಳು ಸೀರೆ ಒಗೆದು ಮಡಿಚಿಟ್ಟಳು.

ಸಾಕ್ಷಿಗೆ ಗರಿಗಳ ಭಾನುವಾರ ಗೊತ್ತಾಯಿತು. ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಹಬ್ಬ, ಜನ ಗರಿ ಹಿಡಿದು ಹಾಡುತ್ತಾ ಬರುವ ದಿನ. ಆ ದಿನ ಪಟ್ಟಣದ ಚರ್ಚಿನ ಸಭೆಯವರು ಎರಡು ಬಸ್ಸಿನಲ್ಲಿ ಬರುವವರಿದ್ದರು. ಪ್ರಾರ್ಥನೆಮನೆ ಸಾಲದೆಂದು ಅಂಗಳದಲ್ಲಿ ಚಪ್ಪರ ಹಾಕಿದರು.

"ನಾನು ಹೇಳ್ತೀನಿ ಅಯ್ಯನೋರೆ" ಅಂದ ಸಮಾಧಾನ. ದುರ್ಗಪ್ಪನಿಗೆ, "ನಿನ್ನ ಹೆಸರು ಹೇಳೇ ಹೇಳ್ತೀನಿ, ಆಣೆ" ಅಂದ.

"ಆಣೆ ಗೀಣೆ ಬೇಡ, ಹೇಳು ಸಾಕು" ಅಂದ ದುರ್ಗಪ್ಪ. ಆದರೂ ಅಂದು ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತ.

ಹನ್ನೊಂದು ಗಂಟೆ. ಬಿಸಿಲು ಚುರುಚುರು ಅನ್ನುತ್ತಿತ್ತು. ಬಂದವರೆಲ್ಲ ಚಪ್ಪರದ ಹೊರಗೆ ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಕೂತಿದ್ದರು. ಆರಾಧನೆಗೆ ಯಾರು ತಾನೆ ಚಪ್ಪಲಿ ಹಾಕಿಕೊಂಡು ಬರುತ್ತಾರೆ?

ಆಶ್ರಮದಲ್ಲಿ ಮಾತ್ರ ಬೇರೆ ಕಟ್ಟಳೆ. ಪಾದಕ್ಕೆ ಅರಿವಿಲ್ಲದವರು ಎಲ್ಲೂ ಚಪ್ಪಲಿ ಬಿಡಬಾರದು, ದೇವರ ಮುಂದೆಯೂ ಬಿಡಬಾರದು. ಇದು ಅಯ್ಯನವರು ಹಾಕಿದ ಕಟ್ಟಳೆ. ಎಲ್ಲರಿಗೂ ಗೊತ್ತಿತ್ತು.

ಕೆಂಚವ್ವ ಸಮಾಧಾನನ ಕೈ ಹಿಡಿದು ಮುಂದೆ ಬಂದಳು. ಕಾಲಲ್ಲಿ ದುರ್ಗಪ್ಪನ ಕರಿ ಚಪ್ಪಲಿ. ಪಟ್ಟಣದ ಹೆಂಗಸರಿಬ್ಬರು ಅದನ್ನೇ ನೋಡಿ ಏನೋ ಪಿಸುಗುಟ್ಟಿದರು.

ಸಮಾಧಾನನಿಗೆ ಮುಖ ಬಿಸಿಯಾಯಿತು.

"ಅವ್ವ, ಚಪ್ಪಲಿ ಬಿಡು" ಅಂದ ಮೆಲ್ಲಗೆ.

"ಬಿಡಬಾರದಲ್ಲೋ ತಮ್ಮಾ?"

"ಒಂದು ಗಳಿಗೆ. ದೊಡ್ಡ ದೊಡ್ಡೋರು ಬಂದಿದಾರೆ. ಆರಾಧನೇಲಿ ಚಪ್ಪಲಿ ಹಾಕ್ಕೊಂಡು ನಿಂತ್ರೆ ಏನಂದ್ಕೊಳ್ತಾರೆ? ಪಾದಾನೂ ಕಾಣಬೇಕು ಅವರಿಗೆ."

ಅವಳು ಬಿಟ್ಟಳು.

ಅವನು ಜಮಖಾನೆಯ ಮೇಲೆ ನಿಂತ. ಎಲ್ಲರಿಗೂ ಕಾಣಲೆಂದು ಅವಳನ್ನು ಒಂದು ಹೆಜ್ಜೆ ಮುಂದೆ, ಚಪ್ಪರದ ನೆರಳಿನಾಚೆ, ಹಾಸುಗಲ್ಲಿನ ಮೇಲೆ ನಿಲ್ಲಿಸಿದ.

ಆಮೇಲೆ ಸಾಕ್ಷಿ ಶುರುವಾಯಿತು. ಏನು ಮಾತು, ಏನು ಮಾತು! ನಿಂಬೆಹಣ್ಣಿನಷ್ಟು ಗುಳಿ. ಮಳೆ, ಜ್ವರ, ಆದರೂ ನಾನು ಒಂದು ದಿನ ಬಿಡಲಿಲ್ಲ. ಈ ತಾಯಿಯ ಕಷ್ಟ ಅರಿಯಲು ನಾನೇ ಒಂದು ದಿನ ಕಾಲು ಊರದೆ ಕೂತೆ. ಕೊನೆಗೆ ಆ ಮಾತನ್ನೂ ಹೇಳಿದ. ದನಿ ತಗ್ಗಿಸಿ, ಕಣ್ಣು ಮುಚ್ಚಿ ಹೇಳಿದ. "ಆ ಚರ್ಮ ಯಾರು ತಂದರು ಪ್ರಿಯರೇ? ನಾವಲ್ಲ!"

"ಸ್ತೋತ್ರ! ಸ್ತೋತ್ರ!" ಅಂದರು ಜನ. ಹಿರಿಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕಾಲು ಗಂಟೆ ಆಗಿತ್ತು. ದುರ್ಗಪ್ಪನ ಹೆಸರು ಬಂದಿರಲಿಲ್ಲ. "ಒಬ್ಬ ಸಹೋದರರು ಚಪ್ಪಲಿಯನ್ನೂ ಮಾಡಿಕೊಟ್ಟರು" ಎಂಬ ಮಾತು ಎಲ್ಲೋ ಮಧ್ಯೆ ಬಂದು ಹೋಗಿತ್ತು.

ಆರಾಧನೆ ಮುಗಿದ ಮೇಲೆ ಜನ ಅವನ ಸುತ್ತ ನೆರೆದರು. "ಏನು ಕೈಗುಣ ರೀ ನಿಮ್ಮದು!" ಅಂದರು. ಅವನು, "ಎಲ್ಲ ದೇವರ ಕೃಪೆ" ಅಂದ. ಅಂದು ಎರಡು ಸಲ ಬಡಿಸಿಕೊಂಡು ಉಂಡ.

ಬಸ್ಸುಗಳು ಹೋದವು. ಮೂರು ಗಂಟೆಯ ಹೊತ್ತು.

ಆಶ್ರಮದವರು ದಿನಾ ಊಟವಾದ ಮೇಲೆ ಕನ್ನಡಿ ಹಿಡಿದು ತಮ್ಮ ಅಂಗಾಲು ತಾವೇ ನೋಡಿಕೊಳ್ಳಬೇಕು. ನೋವು ಹೇಳದ್ದನ್ನು ಕನ್ನಡಿ ಹೇಳುತ್ತದಲ್ಲ, ಅದಕ್ಕೆ.

"ತಮ್ಮಾ, ಸ್ವಲ್ಪ ಬಾ ಇಲ್ಲಿ" ಎಂದು ಕೆಂಚವ್ವ ಕರೆದಳು. ಅವಳ ದನಿ ತೀರ ಮೆತ್ತಗಿತ್ತು. "ಬಾ, ಹೆದರಬ್ಯಾಡ."

ಸಮಾಧಾನ ಬಂದು ಬಗ್ಗಿ ನೋಡಿದ.

ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಬಲಗಾಲಿನ ಹೊಸ ಚರ್ಮ ಸುಲಿದು ಜೋಲುತ್ತಿತ್ತು. ಏಳು ತಿಂಗಳ ಗುಳಿ ಮತ್ತೆ ಬಾಯಿ ಬಿಟ್ಟಿತ್ತು.

ಹಾಸುಗಲ್ಲು! ಕಾಲು ಗಂಟೆ. ಅವಳ ಪಾದ ಸುಡುತ್ತಿತ್ತು, ಅವನು ಆ ಪಾದದ ಸಾಕ್ಷಿ ಹೇಳುತ್ತಿದ್ದ.

ಅವನು ಎದ್ದು ನಿಂತ. ಎಲ್ಲಿಗೆ ಹೋಗುವುದು ತಿಳಿಯದೆ ಮತ್ತೆ ಕೂತ. ಕೆಂಚವ್ವನೇ ಅವನ ಬೆನ್ನು ಸವರಿದಳು.

ಸುದ್ದಿ ಕೇಳಿ ಅಯ್ಯನವರು ಬಂದರು. ದುರ್ಗಪ್ಪನೂ ಬಂದ. ಅಯ್ಯನವರು ನೆಲದ ಮೇಲೆ ಕೂತು ಆ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೂಳೆ ಕಾಣ್ತಿಲ್ಲ. ಕಾಲು ಉಳಿಯುತ್ತೆ ಅನ್ಸುತ್ತವ್ವ. ಆದ್ರೆ ಮೊದಲಿಂದ ಶುರು ಮಾಡಬೇಕು" ಅಂದರು.

"ತಂಗಿ ಮನಿಗೆ?"

"ಈಸ್ಟರ್‌ಗೆ ಆಗಲ್ಲವ್ವ. ದೀಪಾವಳಿ ಹೊತ್ತಿಗೆ ನೋಡೋಣ."

ಕೆಂಚವ್ವ ತಲೆಯಾಡಿಸಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಅದನ್ನು ನೋಡಿ ಸಮಾಧಾನನಿಗೆ ತಡೆಯಲಾಗಲಿಲ್ಲ. ಅಯ್ಯನವರ ಮುಂದೆ ಕುಸಿದು ಕೂತ.

"ನಾನು ಕೆಡಿಸಿದೆ ಅಯ್ಯನೋರೆ. ಚಪ್ಪಲಿ ಬಿಡು ಅಂದಿದ್ದು ನಾನು. ಕಲ್ಲಿನ ಮೇಲೆ ನಿಲ್ಲಿಸಿದ್ದು ನಾನು. ನಾಳೆ ಬೆಳಿಗ್ಗೆ ಹೊರಟುಹೋಗ್ತೀನಿ. ಇನ್ನು ಯಾರ ಗಾಯಾನೂ ಮುಟ್ಟಲ್ಲ. ತಪ್ಪು ಪೂರ್ತಿ ನನ್ನದು."

"ಪೂರ್ತೀನಾ?"

"ಪೂರ್ತಿ. ಬೇರೆ ಯಾರದ್ದೂ ಏನೂ ಇಲ್ಲ."

"ಅಲ್ಲಪ್ಪ" ಅಂದರು ಅಯ್ಯನವರು, "ಬೆಳಿಗ್ಗೆ ವಾಸಿ ಮಾಡಿದ್ದು ಪೂರ್ತಿ ನೀನೇ ಆಗಿದ್ದೆ. ಮಧ್ಯಾಹ್ನಕ್ಕೆ ಕೆಡಿಸಿದ್ದೂ ಪೂರ್ತಿ ನೀನೇನಾ? ನಮಗೆ ಅಂತ ಒಂದು ಚೂರಾದರೂ ಉಳಿಸೋದಿಲ್ವಾ?"

ಸಮಾಧಾನ ಮುಖವೆತ್ತಿದ. ಅಯ್ಯನವರ ಮುಖದಲ್ಲಿ ಕೋಪ ಹುಡುಕಿದ. ಅಲ್ಲಿ ಕೋಪ ಇರಲಿಲ್ಲ.

ದುರ್ಗಪ್ಪ ಗಂಟಲು ಸರಿಮಾಡಿಕೊಂಡ.

"ಅವಳು ಚಪ್ಪಲಿ ಬಿಟ್ಟಿದ್ದನ್ನ ನಾನು ನೋಡಿದೆ" ಅಂದ. "ಮುಂದಿನ ಸಾಲಲ್ಲೇ ಇದ್ದೆನಲ್ಲ. ಎದ್ದು ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಇವನು 'ಒಬ್ಬ ಸಹೋದರರು' ಅಂದ. ನಂಗೆ ಪಿತ್ತ ನೆತ್ತಿಗೇರಿತು. ಏನಾದ್ರೂ ಆಗ್ಲಿ, ನನ್ನ ಚಪ್ಪಲಿ ಇಲ್ಲದೆ ಇವನು ಏನು ಕಿಸಿದಾನು ನೋಡೇಬಿಡೋಣ ಅಂತ ಸುಮ್ನೆ ಕೂತೆ." ಅವನು ಕೆಂಚವ್ವನ ಕಡೆ ತಿರುಗಿದ. "ಕೆಂಚಕ್ಕ, ತಪ್ಪಾಯ್ತು."

"ಅಯ್ಯ, ನಿಂದೇನು ತಪ್ಪು ಬಿಡೋ" ಅಂದಳು ಕೆಂಚವ್ವ. "ಕಟ್ಟಳೆ ನಂಗೆ ಗೊತ್ತಿರಲಿಲ್ವಾ? ಏಳು ತಿಂಗಳು ಪಾಲಿಸಿದಾಕಿ ನಾನು. ಈ ತಮ್ಮ ಬಿಡು ಅಂದಾಗ ಒಲ್ಲೆ ಅನ್ನಬೇಕಿತ್ತು. ಆದ್ರ ಅಷ್ಟು ಮಂದಿ ನನ್ನೇ ನೋಡ್ತಿದ್ರು. ಮಂದಿ ಮುಖ ತಿರುವದಂಗ ನನ್ನ ನೋಡಿ ಎಷ್ಟು ವರ್ಷ ಆಗಿತ್ತು! ಎಲ್ಲರಂಗ ಬರಿಗಾಲಾಗ ನಿಂದ್ರಬೇಕು ಅನ್ನಿಸ್ತು. ಆಸಿ ಆತು ನಂಗ."

ಹೊಳೆಯ ಕಡೆಯಿಂದ ಗಾಳಿ ಬಂತು, ಚಪ್ಪರದ ಗರಿ ಪಟಪಟ ಅಂದವು.

"ಇನ್ನು ನಂದು" ಅಂದರು ಅಯ್ಯನವರು. "ನಾನು ಅಲ್ಲೇ ಕುರ್ಚಿ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ, ನೋಡಿದಿರಲ್ಲ?"

"ಪ್ರಾರ್ಥನೆ ಮಾಡ್ತಿದ್ರಿ" ಅಂದ ಸಮಾಧಾನ.

"ತೂಕಡಿಸ್ತಿದ್ದೆ. ನಿನ್ನ ಸಾಕ್ಷಿ ಅಷ್ಟು ಉದ್ದ ಇತ್ತು."

ಕೆಂಚವ್ವನಿಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ದುರ್ಗಪ್ಪನೂ ನಕ್ಕ. ಸಮಾಧಾನನಿಗೆ ಮಾತ್ರ ನಗು ಬರಲಿಲ್ಲ. ಅವನು ಆ ಸುಲಿದ ಪಾದವನ್ನೇ ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತ.

"ನೀವೆಲ್ಲ ನನ್ನ ಸಮಾಧಾನಕ್ಕೆ ಹೇಳ್ತಿದೀರಿ. ಇಷ್ಟು ದೊಡ್ಡ ತಪ್ಪು, ಇದನ್ನ ನಾನೇ ಹೊರಬೇಕು ಅಯ್ಯನೋರೆ. ನಾನೊಬ್ಬನೇ ಹೊರಬೇಕು."

ಅಯ್ಯನವರು ಕೆಂಚವ್ವನ ಕಾಲನ್ನು ತಮ್ಮ ತೊಡೆಯಿಂದ ಎತ್ತಿದರು. ನಿಧಾನವಾಗಿ ಅದನ್ನು ಶಿಷ್ಯನ ತೊಡೆಯ ಮೇಲೆ ಇಟ್ಟರು. ಅವನು ಬೇಡ ಬೇಡವೆಂದು ಕೈ ಹಿಂದಕ್ಕೆ ಎಳೆದುಕೊಂಡ. ಅಯ್ಯನವರು ಆ ಎರಡೂ ಕೈಗಳನ್ನು ಹಿಡಿದು ತಂದು ಪಾದದ ಕೆಳಗೆ ಇಟ್ಟರು.

ಆ ಕೈಗಳು ತಾವಾಗಿಯೇ ಹಿಮ್ಮಡಿಯನ್ನು ಭದ್ರವಾಗಿ ಹಿಡಿದವು.

"ಎಲ್ಲರ ತಪ್ಪನ್ನೂ ಒಬ್ಬನೇ ಶಿಲುಬೆ ಮೇಲೆ ಹೊತ್ತವನು ಒಬ್ಬನಿದ್ದಾನೆ ಮಗಾ, ಬರೋ ಶುಕ್ರವಾರ ಅವನ ದಿನ" ಅಂದರು ಅಯ್ಯನವರು. "ಆ ಜಾಗ ಖಾಲಿ ಇಲ್ಲ. ನಾನು ನೀರು ಕಾಯಿಸ್ತೀನಿ, ದುರ್ಗಪ್ಪ ಬಟ್ಟೆ ಹರೀತಾನೆ, ನೀನು ಕಾಲು ಹಿಡ್ಕೊ."